ಗೋಡೆಯಾಚೆ ಯಾರೂ ಇಲ್ಲ

ಈ ಸಭೆಯ ಅಧ್ಯಕ್ಷರಾದ, ಹೊಸ ಸಗ್ವಾ ಊರಿನ ಮೇಯರ್ ದೊಲೋರೆಸ್ ಕಿತುಗ್ವಾ ಅವರೇ. ಊಟಕ್ಕೆ ಮೊದಲು ಇಷ್ಟುದ್ದ ಪ್ರಾರ್ಥನೆ ಮಾಡಿ ನಮ್ಮ ಹಸಿವನ್ನು ಹದಕ್ಕೆ ತಂದ ಪಾದ್ರಿ ಆಂಬ್ರೊಸಿಯೊ ಅವರೇ. ಬೆಟ್ಟದ ಕೆಳಗಿನ ಅಮೆರಿಕನ್ ನೌಕಾನೆಲೆಯಿಂದ ಮುಖ್ಯ ಅತಿಥಿಯಾಗಿ ಬಂದಿರುವ ಕಮಾಂಡರ್ ವಿಟ್ಲಾಕ್ ಅವರೇ. ಅವರ ಪಕ್ಕದಲ್ಲಿ ಕುಳಿತು ನಮ್ಮ ಚಮೋರೊ ಮಾತನ್ನು ಇಂಗ್ಲಿಷ್ ಮಾಡಿ ಅವರ ಕಿವಿಗೆ ಹಾಕುತ್ತಿರುವ ತಾಯೀ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿರುವ ನನ್ನಮ್ಮ ರೊಸಾಲಿಯಾ. ಬಂಧುಗಳೇ, ನಂಟರಲ್ಲದಿದ್ದರೂ ನಂಟರಂತೆ ಜಗಳವಾಡುವ ನೆರೆಹೊರೆಯವರೇ, ಹಿಂದೆ ಕೆಂಪು ಅನ್ನದ ಪಾತ್ರೆಗೆ ಕಾವಲು ನಿಂತಿರುವ ಅಕ್ಕಂದಿರೇ, ಸಭಿಕರೇ.

ಇಗ್ನಾಸಿಯೊ ತೈಮಾಂಗ್ಲೊ ಎಂಬ ನನಗೆ ಇವತ್ತು ಶಾಲು, ಹೂಮಾಲೆ, ಈ ಫಲಕ ಎಲ್ಲವೂ ಸಂದಿವೆ. ಮೂವತ್ತೊಂದು ವರ್ಷದ ಸೇವೆ, ಒಂದೂ ತಪ್ಪಿಲ್ಲದ ದಾಖಲೆ ಎಂದು ಫಲಕದಲ್ಲಿ ಕೆತ್ತಿದ್ದಾರೆ. ನನ್ನ ಜೇಬಿನಲ್ಲಿ ಎರಡು ಪುಟದ ಭಾಷಣವೂ ಇದೆ. ನೆಲೆಯ ಕಚೇರಿಯವರೇ ಬೆರಳಚ್ಚು ಮಾಡಿಸಿ ಕೊಟ್ಟದ್ದು. ಓದಿದರೆ ನಾಲ್ಕು ನಿಮಿಷ. ಬೆಳಗಿನಿಂದ ಅದನ್ನು ಹನ್ನೊಂದು ಸಲ ತೆಗೆದು ಮಡಚಿದ್ದೇನೆ. ಈಗ ಹನ್ನೆರಡನೆಯ ಸಲ ಮಡಚುತ್ತಿದ್ದೇನೆ. ಓದುವುದಿಲ್ಲ. ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ.

ಗಂಟೆ ಎಷ್ಟಾಯಿತು? ಎರಡೂವರೆ. ನಗಬೇಡಿ. ಗಡಿಯಾರ ನೋಡುವುದು ನನಗೆ ಅಂಟಿದ ರೋಗ. ನೆಲೆಯ ಪಾಸ್ ವಿಭಾಗದಲ್ಲಿ ಕೂತವನಿಗೆ ಸಮಯವೇ ದೇವರು. ನಮ್ಮ ಹಳೆಯ ಸಗ್ವಾ ಇರುವುದು ನೆಲೆಯ ಬೇಲಿಯ ಒಳಗೆ. ನಮ್ಮ ಇಗರ್ಜಿಯ ಮೆಟ್ಟಿಲು, ನಮ್ಮ ಬಾವಿ, ನಮ್ಮ ಸ್ಮಶಾನ ಎಲ್ಲವೂ ಒಳಗೆ. ನಾವು ಮಾತ್ರ ಹೊರಗೆ. ವರ್ಷಕ್ಕೊಂದು ದಿನ, ಗೋರಿ ತೊಳೆಯುವ ದಿನ, ಗೇಟು ತೆಗೆಯುತ್ತಾರೆ. ಒಳಗೆ ಹೋಗುವವರ ಹೆಸರು ನಾನು ಬರೆಯಬೇಕು. ಬೆಳಿಗ್ಗೆ ಎಂಟಕ್ಕೆ ಬಸ್ಸು ಒಳಗೆ, ಸಂಜೆ ನಾಲ್ಕಕ್ಕೆ ಬಸ್ಸು ಹೊರಗೆ. ನಾಲ್ಕು ಗಂಟೆ ಐದು ನಿಮಿಷವಾದರೆ ಮರುವರ್ಷ ಆ ಮನೆಯವರಿಗೆ ಪಾಸ್ ಇಲ್ಲ. ಹೀಗೆ ಮೂವತ್ತೊಂದು ವರ್ಷ ನಾನು ನನ್ನ ಜನರನ್ನು ಅವರ ಸ್ವಂತ ಊರಿನಿಂದ ಹೊತ್ತಿಗೆ ಸರಿಯಾಗಿ ಹೊರಗೆ ಕಳಿಸಿದ್ದೇನೆ. ಒಂದೂ ತಪ್ಪಿಲ್ಲದೆ!

ಅಗೋ, ಮೂರನೆಯ ಸಾಲಿನಲ್ಲಿ ತುನ್ ಫೆಲಿಪೆ ಗೊಣಗುತ್ತಿದ್ದಾರೆ. ಕಮಾಂಡರೇ, ನಮ್ಮಲ್ಲಿ ಹಿರಿಯ ಗಂಡಸನ್ನು ತುನ್ ಎನ್ನುತ್ತೇವೆ, ಹೆಂಗಸನ್ನು ತಾನ್ ಎನ್ನುತ್ತೇವೆ. ನಿಮ್ಮ ಸರ್, ಮೇಡಂಗಳಿಗಿಂತ ಇದರಲ್ಲಿ ಸಲಿಗೆ ಸ್ವಲ್ಪ ಜಾಸ್ತಿ. ಈ ತುನ್ ಫೆಲಿಪೆ ನನ್ನ ಮೊದಲ ವರ್ಷವೇ ಕಿಟಕಿಯ ಮುಂದೆ ನಿಂತು ಏನಂದರು ಗೊತ್ತೇ? "ಏನೋ ನಾಸಿಯೊ, ನಮ್ಮಪ್ಪನ ಗೋರಿ ನೋಡೋಕೆ ನಿನ್ನ ಅಪ್ಪಣೆ ಬೇಕೇನೋ? ನಿನ್ನ ಚಡ್ಡಿ ಒಗೆದಿರೋಳು ನನ್ನ ಹೆಂಡ್ತಿ. ಥೂ, ಗೇಟಿನ ನಾಯಿ!" ಆ ಹೆಸರು ನನಗೆ ಹಾಗೇ ನಿಂತಿತು. ಮನೆಯಲ್ಲಿ ಹೆಂಡತಿಯೂ ಸಿಟ್ಟು ಬಂದಾಗ ಕರೆದದ್ದಿದೆ. ಪರವಾಗಿಲ್ಲ, ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನಾಯಿ ಬೊಗಳದೆ ಸುಮ್ಮನಿದ್ದದ್ದೇ ತಪ್ಪಾಯಿತು ಎನ್ನುವುದು ಈಗ ಗೊತ್ತಾಗುತ್ತಿದೆ.

ಸಭಿಕರೇ, ಬೇರೆ ಜನ ಊರಿನಲ್ಲಿ ಹುಟ್ಟುತ್ತಾರೆ, ಕೇರಿಯಲ್ಲಿ ಹುಟ್ಟುತ್ತಾರೆ. ನಾವು ಹುಟ್ಟಿದ್ದು ಆಯಕಟ್ಟಿನ ಜಾಗದಲ್ಲಿ! ನಮ್ಮ ಗುವಾಮಿನ ಹೆಸರು ಯಾವ ದೊಡ್ಡವರ ಬಾಯಲ್ಲಿ ಬಂದರೂ ಹಿಂದೆಯೇ ಆ ಮಾತು ಬರುತ್ತದೆ. ಈ ದ್ವೀಪ ಎಷ್ಟು ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ; ಎಷ್ಟು ಅನುಕೂಲವಾಗಿದೆ ಎನ್ನುತ್ತಾರೆ. ಇಲ್ಲಿಂದ ಯಾರಿಗೆ ಎಷ್ಟು ದೂರ, ಯಾವ ದೇಶಕ್ಕೆ ಎಷ್ಟು ಗಂಟೆಯ ಹಾರಾಟ, ಅದೇ ಲೆಕ್ಕ. ನನ್ನಜ್ಜನ ಕಾಲದಲ್ಲಿ ನಮ್ಮ ಗವರ್ನರೂ ನೌಕಾಪಡೆಯ ಒಬ್ಬ ಕ್ಯಾಪ್ಟನ್ನೇ. ಅವನ ಮಾತೇ ಕಾನೂನು. ಬೀದಿಯಲ್ಲಿ ಶಿಳ್ಳೆ ಹಾಕಬಾರದು ಎಂದರೆ ಹಾಕಬಾರದು. ಅಜ್ಜನಿಗೆ ಶಿಳ್ಳೆ ಬರುತ್ತಿರಲಿಲ್ಲ, ಆದರೂ ಆ ಆಜ್ಞೆ ಬಂದ ದಿನದಿಂದ ಕಲಿಯಲು ಶುರುಮಾಡಿದನಂತೆ.

ಜಪಾನಿನವರ ಯುದ್ಧ ಮುಗಿದ ಮೇಲೆ ನನ್ನಪ್ಪ ನಿರಾಶ್ರಿತರ ಕ್ಯಾಂಪಿನಿಂದ ಸಗ್ವಾಕ್ಕೆ ನಡೆದು ಹೋದ. ದಾರಿಯಲ್ಲಿ ಬೇಲಿ ಬಂದಿತ್ತು. ಅಲ್ಲಿದ್ದ ಅಧಿಕಾರಿ, "ಯುದ್ಧ ಮುಗಿಯೋವರೆಗೆ ತಾಳ್ಮೆ ಇರಲಿ" ಎಂದನಂತೆ. "ಮುಗೀತಲ್ಲ ಸ್ವಾಮಿ?" ಎಂದ ಅಪ್ಪ. "ಈ ಯುದ್ಧ ಅಲ್ಲ" ಎಂದನಂತೆ ಆತ. ಅಪ್ಪ ಸಾಯುವವರೆಗೂ ರೇಡಿಯೊದಲ್ಲಿ ವಾರ್ತೆ ಬಂದಾಗಲೆಲ್ಲ, "ಇದೇನಾ ನೋಡೋ ಆ ಯುದ್ಧ? ಇದು ಮುಗಿದ್ರೆ ಹೋಗಬಹುದೇನೋ" ಎನ್ನುತ್ತಿದ್ದ. ಕೊರಿಯ ಮುಗಿಯಿತು, ವಿಯೆಟ್ನಾಂ ಮುಗಿಯಿತು, ಅಪ್ಪನೂ ಮುಗಿದ. ಆ ಯುದ್ಧ ಮಾತ್ರ ಇನ್ನೂ ಬರಬೇಕಾಗಿದೆ.

ಈಗ ನಮಗೆ ನಮ್ಮದೇ ಗವರ್ನರ್ ಇದ್ದಾರೆ, ನಾವೇ ಆರಿಸಿದ್ದೇವೆ. ಆದರೆ ನಮ್ಮ ಹುಡುಗರನ್ನು ಯಾವ ಯುದ್ಧಕ್ಕೆ ಕಳಿಸಬೇಕೆಂದು ನಿರ್ಧರಿಸುವ ಅಧ್ಯಕ್ಷರನ್ನು ಆರಿಸಲು ನಮಗೆ ಮತವಿಲ್ಲ. ವಾಷಿಂಗ್ಟನ್ನಿಗೆ ನಮ್ಮ ಪ್ರತಿನಿಧಿ ಹೋಗುತ್ತಾರೆ, ಮಾತಾಡುತ್ತಾರೆ; ಕಾನೂನು ಅಂತಿಮವಾಗಿ ಮತಕ್ಕೆ ಬಂದಾಗ ಕೈ ಕಟ್ಟಿ ಕೂರುತ್ತಾರೆ. ಊಟಕ್ಕಿಲ್ಲದ ಉಪ್ಪಿನಕಾಯಿ! ಇದನ್ನೂ ಹೇಳಮ್ಮ ಅವರಿಗೆ, ಬಿಡಬೇಡ. ಕಮಾಂಡರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಬಂದು ಏಳು ತಿಂಗಳು. ನನ್ನ ಸರ್ವಿಸಿನಲ್ಲಿ ನೀವು ಹದಿನಾರನೆಯವರು. ಎರಡು ವರ್ಷಕ್ಕೊಬ್ಬರು ಬರುತ್ತೀರಿ, ಒಳ್ಳೆಯವರೇ ಬರುತ್ತೀರಿ, ನಮ್ಮ ಹೆಸರು ಬಾಯಿಗೆ ಕೂರುವಷ್ಟರಲ್ಲಿ ಹೊರಟುಬಿಡುತ್ತೀರಿ. ಯಾರ ಹತ್ತಿರ ಜಗಳ ಆಡೋಣ ಹೇಳಿ?

ವಿಷಯಕ್ಕೆ ಬರುತ್ತೇನೆ. ಬರುತ್ತಿದ್ದೇನೆ. ಗಂಟೆ... ಇರಲಿ.

ನಮ್ಮಲ್ಲಿ ಕಾಡಿಗೆ ಕಾಲಿಡುವ ಮೊದಲು ಅಲ್ಲಿರುವ ಹಿರಿಯರ ಆತ್ಮಗಳ ಅಪ್ಪಣೆ ಕೇಳುವುದು ಪದ್ಧತಿ. ಮರದ ಹಿಂದೆ ಒಂದಕ್ಕೆ ಹೋಗಬೇಕಾದರೂ ಕೇಳಬೇಕು. "ಅಜ್ಜೀ, ಅಜ್ಜಾ, ನಿಮ್ಮ ಜಾಗಕ್ಕೆ ಬಂದಿದೀನಿ, ಅಪ್ಪಣೆ ಕೊಡಿ. ನೀವು ನಮ್ಮ ಕಡೆ ಬಂದಾಗ ನೀವೂ ಹೀಗೇ ಮಾಡಿ" ಎನ್ನಬೇಕು. ಕೇಳದಿದ್ದರೆ ಮೈಮೇಲೆ ಬೊಬ್ಬೆ ಏಳುತ್ತದೆ, ಜ್ವರ ಬರುತ್ತದೆ. ಒಮ್ಮೆ ಗೋರಿ ದಿನ ನನ್ನ ಜೊತೆಗಿದ್ದ ಒಬ್ಬ ಲೆಫ್ಟಿನೆಂಟ್, "ಯಾರ ಜೊತೆ ಮಾತಾಡ್ತಿದೀಯ?" ಎಂದ. "ಈ ಜಾಗದವರ ಜೊತೆ" ಎಂದೆ. "ಅವರ ಹತ್ರ ಪಾಸ್ ಇದೆಯಾ?" ಎಂದ. ತಮಾಷೆಗೆ ಅಂದದ್ದು, ನಾನೂ ನಕ್ಕೆ.

ಆ ಗೋರಿ ದಿನಗಳಲ್ಲಿ ನಾನು ಒಂದನ್ನು ನೋಡುತ್ತಿದ್ದೆ. ಸ್ಮಶಾನಕ್ಕೆ ಸುಣ್ಣದ ಕಲ್ಲಿನ ಗೋಡೆ ಇದೆ. ಗೋಡೆಯಾಚೆ, ಸಮುದ್ರದ ಕಡೆಗೆ ಒಂದು ದೊಡ್ಡ ದೀವಿಹಲಸಿನ ಮರ. ಮೂರು ಗಂಟೆಯ ಹೊತ್ತಿಗೆ ನಮ್ಮ ಮುದುಕಿಯರು ಒಬ್ಬೊಬ್ಬರೇ ಗೋಡೆ ದಾಟಿ ಅತ್ತ ಹೋಗುತ್ತಿದ್ದರು. "ಎಲ್ಲಿಗೆ ತಾನ್?" ಎಂದರೆ, "ಒಂದೆರಡು ದೀವಿಹಲಸು ಕಿತ್ಕೊಂಡು ಬರ್ತೀನಿ ಕಣೋ, ಸಾರಿಗಾಯ್ತು" ಎನ್ನುತ್ತಿದ್ದರು. ಬರುವಾಗ ಕೈ ಖಾಲಿ. ನಾನು ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುವವನು. ಮೂವತ್ತೊಂದು ವರ್ಷ ಒಂದು ಕಾಯಿಯೂ ಬಸ್ಸು ಹತ್ತಲಿಲ್ಲ. ಕಣ್ಣು ಮಾತ್ರ ಕೆಂಪಗೆ. ನಾನು ಏನು ಮಾಡುತ್ತಿದ್ದೆ? ಗಡಿಯಾರ ನೋಡಿ, "ಬೇಗ ತಾನ್, ಬೇಗ, ನಾಲ್ಕಾಯ್ತು" ಎನ್ನುತ್ತಿದ್ದೆ. ದೇವರು ನನ್ನನ್ನು ಕ್ಷಮಿಸಲಿ.

ಆ ಮುದುಕಿಯರಲ್ಲಿ ಒಬ್ಬಳು ನನ್ನಮ್ಮ.

ಅಮ್ಮಾ, ಈಗ ನಾನು ನಿನ್ನ ಜಾಗಕ್ಕೆ ಕಾಲಿಡುತ್ತಿದ್ದೇನೆ. ಅಪ್ಪಣೆ ಕೊಡು. ಬೆಳಿಗ್ಗೆ ಆಶೀರ್ವಾದಕ್ಕೆ ನಿನ್ನ ಕೈಯನ್ನು ಮೂಗಿಗೆ ಒತ್ತಿಕೊಂಡಾಗಲೇ ಕೇಳಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ. ನೆಲ ನೋಡಬೇಡಮ್ಮ, ನನ್ನನ್ನು ನೋಡು. ಸರಿ, ನೋಡದಿದ್ದರೂ ಹೇಳುತ್ತೇನೆ. ಹೇಳದೆ ಬೇರೆ ದಾರಿ ಇಲ್ಲ.

ಯುದ್ಧಕ್ಕೆ ಹಿಂದಿನ ವರ್ಷ ನನ್ನಮ್ಮನಿಗೆ ಮೊದಲ ಹೆರಿಗೆಯಾಯಿತು. ಹೆಣ್ಣು ಮಗು. ಸೂಲಗಿತ್ತಿ ಇನ್ನೊಂದು ಮನೆಯಲ್ಲಿದ್ದಳು. ಅವಳು ಓಡಿ ಬರುವಷ್ಟರಲ್ಲಿ ಮಗುವಿನ ಉಸಿರು ನಿಂತಿತ್ತು. ತಲೆಗೆ ನೀರು ಹಾಕಿ ಜ್ಞಾನಸ್ನಾನ ಮಾಡಿಸಲು ಸಮಯ ಸಿಗಲಿಲ್ಲ. ಆ ಕಾಲದ ಪಾದ್ರಿ, ಜ್ಞಾನಸ್ನಾನವಾಗದ ಮಗುವಿಗೆ ಪವಿತ್ರ ನೆಲದಲ್ಲಿ ಜಾಗವಿಲ್ಲ ಎಂದರು. ಫಾದರ್ ಆಂಬ್ರೊಸಿಯೊ, ನೀವು ತಲೆ ತಗ್ಗಿಸಬೇಡಿ, ನೀವಾಗ ಹುಟ್ಟಿಯೇ ಇರಲಿಲ್ಲ. ಅಪ್ಪ ಮಗುವನ್ನು ದಿಂಬಿನ ಬಟ್ಟೆಯಲ್ಲಿ ಸುತ್ತಿ ಗೋಡೆಯಾಚೆ ದೀವಿಹಲಸಿನ ಬುಡದಲ್ಲಿ ಇಟ್ಟು ಬಂದ. ಶಿಲುಬೆಯಿಲ್ಲ, ಕಲ್ಲಿಲ್ಲ, ಇಗರ್ಜಿಯ ಪುಸ್ತಕದಲ್ಲಿ ಒಂದು ಗೆರೆಯೂ ಇಲ್ಲ. ಅಮ್ಮನಿಗೆ ಇದು ದುಃಖ ಮಾತ್ರವಲ್ಲ, ನಾಚಿಕೆ. ಏನೋ ಪಾಪ ಮಾಡಿದ್ದಕ್ಕೇ ಹೀಗಾಯಿತು ಎಂದುಕೊಂಡಳು. ಎಪ್ಪತ್ತೊಂದು ವರ್ಷ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಒಂದೇ ಸಲ.

ಆ ಒಂದು ಸಲ ಯಾವಾಗ? ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ನೆಲೆಯವರು ಹಳೆಯ ಊರಿನ ಅಳತೆ ಮಾಡಿಸಿದರು. ಊರಿನ ಕಡೆಯಿಂದ ಒಬ್ಬ ಪ್ರತಿನಿಧಿ ಪ್ರಮಾಣಪತ್ರ ಬರೆದುಕೊಡಬೇಕಿತ್ತು. ಹತ್ತಿರದಲ್ಲೇ ಕೂತಿದ್ದವನು ನಾನು. ನನ್ನನ್ನೇ ಪ್ರತಿನಿಧಿ ಮಾಡಿದರು. ನೋಡಿ, ನಮ್ಮಲ್ಲಿ ಪ್ರತಿನಿಧಿಗಳು ಹೀಗೆ ಆಗುತ್ತಾರೆ! ಕಾಗದದಲ್ಲಿ ಒಂದು ಪ್ರಶ್ನೆ ಇತ್ತು: ಸ್ಮಶಾನದ ಗೋಡೆಯ ಹೊರಗೆ ಮನುಷ್ಯರನ್ನು ಹೂಳಿದ್ದು ಉಂಟೇ? ನಾನು ಆ ಕಾಗದವನ್ನು ಮನೆಗೆ ತಂದು ಅಡುಗೆಮನೆಯಲ್ಲಿ ಓದಿದೆ. ಅಮ್ಮ ಹೆರೆಯುತ್ತಿದ್ದ ತೆಂಗಿನಕಾಯಿ ಕೆಳಗಿಟ್ಟಳು.

"ಯಾರೂ ಇಲ್ಲ ಅಂತ ಬರಿ" ಎಂದಳು.

"ಯಾಕಮ್ಮ ಹಾಗೆ ಮುಖ ಮಾಡ್ಕೊಂಡೆ?" ಎಂದೆ. ಆಗ ಹೇಳಿದಳು. ಹೇಳಿ ಮುಗಿಸಿ, "ಅವಳಿದಾಳೆ ಅಂತ ಬರೆದ್ರೆ ಏನ್ಮಾಡ್ತಾರೆ ಗೊತ್ತಾ ನಿಂಗೆ? ಅಗೀತಾರೆ. ಡಬ್ಬಿಗೆ ತುಂಬಿ ನಂಬರ್ ಹಾಕಿ ಹಡಗು ಹತ್ತಿಸ್ತಾರೆ. ನನ್ನ ಕೂಸು ಯಾವುದೋ ಊರಿನ ಕಪಾಟಲ್ಲಿ ಕೂತಿರಬೇಕಾ? ನಾವೇ ಊರು ಬಿಟ್ಟಿದೀವಿ, ಅವಳೊಬ್ಬಳು ಅಲ್ಲಿದಾಳೆ. ಇರಲಿ ಬಿಡೋ ಮಗಾ. ಯಾರೂ ಇಲ್ಲ ಅಂತ ಬರಿ" ಎಂದಳು. ಅವಳಿಗೆ ಆಗ ಅರವತ್ತನಾಲ್ಕು. ಇವತ್ತು ನನಗಿರುವಷ್ಟೇ ವಯಸ್ಸು.

ಬರೆದೆ. "ಗೋಡೆಯಾಚೆ ಯಾರೂ ಇಲ್ಲ." ಕೆಳಗೆ ಸಹಿ: ಇಗ್ನಾಸಿಯೊ ತೈಮಾಂಗ್ಲೊ. ಮಗುವನ್ನು ಕಾಪಾಡಿದೆ ಎಂದುಕೊಂಡೆ. ಬೇರೆ ಯಾವ ಮನೆಯನ್ನೂ ಕೇಳಲಿಲ್ಲ. ಕೇಳಿದರೆ ನಮ್ಮ ಮನೆಯದು ಹೊರಗೆ ಬರುತ್ತದಲ್ಲ, ಅದಕ್ಕೆ. ಮನೆ ಮನೆಯಲ್ಲೂ ಒಬ್ಬ ಅಮ್ಮ ಹೀಗೇ ತೆಂಗಿನಕಾಯಿ ಕೆಳಗಿಟ್ಟಿರಬಹುದು ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಹೋದ ತಿಂಗಳು ಪತ್ರಿಕೆಯಲ್ಲಿ ನಕ್ಷೆ ಬಂತು. ಆಕಾಶದಲ್ಲಿ ಬರುವ ಕ್ಷಿಪಣಿಯನ್ನು ಹೊಡೆಯುವ ಹೊಸ ಠಾಣೆ. ನಮ್ಮ ರಕ್ಷಣೆಗೇ ಅಂತೆ. ಎಲ್ಲಿ? ಗೋಡೆಯಾಚೆ, ಸಮುದ್ರದ ಕಡೆಗೆ. ಮರ ಕಡಿದು, ನೆಲ ತೋಡಿ, ಕಾಂಕ್ರೀಟು ಹಾಕುತ್ತಾರೆ. ಸೋಮವಾರದಿಂದ ಕೆಲಸ. ಇವತ್ತು ಶನಿವಾರ. ಆ ಜಾಗ ಯಾಕೆ ಆರಿಸಿದರು ಎಂದು ಸಾವಿರ ಪುಟದ ವರದಿಯಲ್ಲಿ ಹುಡುಕಿದೆ. ಆರುನೂರ ಹನ್ನೆರಡನೆಯ ಪುಟದಲ್ಲಿ ಸಿಕ್ಕಿತು: ಸ್ಥಳೀಯ ಪ್ರತಿನಿಧಿಯ ಪ್ರಮಾಣದಂತೆ ಅಲ್ಲಿ ಯಾರನ್ನೂ ಹೂಳಿಲ್ಲ. ನನ್ನದೇ ಸಹಿಯ ಪ್ರತಿ, ಎಷ್ಟು ಚೆಂದವಾಗಿ ಮೂಡಿದೆ!

ಅಮ್ಮ ಆ ನಕ್ಷೆಯನ್ನು ಮಡಚಿ ಮೂರು ದಿನ ಮಡಿಲಲ್ಲಿ ಇಟ್ಟುಕೊಂಡಳು. ನಾಲ್ಕನೆಯ ದಿನ, "ಮರ ಇನ್ನೂ ಇದೆಯೇನೋ?" ಎಂದಳು. ಅಷ್ಟೇ. ನಾನು ಅಳುಬುರುಕನಲ್ಲ, ಸ್ವಾಮಿ. ಆವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗುರುವಾರ ಆ ವರದಿ ಮಾಡಿಸಿದ ಕಚೇರಿಗೆ ಹೋಗಿ, ಇಪ್ಪತ್ತೆಂಟು ವರ್ಷದ ಹಿಂದೆ ನಾನು ಬರೆದದ್ದು ಸುಳ್ಳು, ತಿದ್ದಿಕೊಳ್ಳಿ ಎಂದೆ. ಅಲ್ಲಿದ್ದಾಕೆ ಒಳ್ಳೆಯ ಹೆಂಗಸು, ಕಾಫಿ ಕೊಟ್ಟಳು. "ಜನರ ಅಹವಾಲು ಹೇಳೋ ಅವಧಿ ಮುಗೀತಲ್ಲ ಸಾರ್" ಎಂದಳು. ಆ ಅಹವಾಲಿನ ಸಭೆಗೆ ನಾನೂ ಹೋಗಿದ್ದೆ. ತಲೆಗೆ ಮೂರು ನಿಮಿಷ. ನಾನು ಮೈಕಿನ ಮುಂದೆ ಮೂರು ನಿಮಿಷವೂ ಗಡಿಯಾರ ನೋಡುತ್ತ ನಿಂತು ಕೆಳಗಿಳಿದವನು. ಮೌನ ಸಮ್ಮತಿ ಲಕ್ಷಣ ಎಂದು ಬರೆದುಕೊಂಡರೋ ಏನೋ. ಆಕೆ ಇನ್ನೊಂದು ಮಾತು ಹೇಳಿದಳು: "ಒಬ್ಬರ ನೆನಪು ಸಾಲಲ್ಲ. ತುಂಬ ಮನೆಯವರು ಹೇಳಿ, ಅದು ದಾಖಲೆಗೆ ಬಂದ್ರೆ ಕೆಲಸ ನಿಲ್ಲಿಸಿ ನೋಡಲೇಬೇಕು."

ಕೆಲಸ ನಿಲ್ಲಿಸಿ ನೋಡಲೇಬೇಕು. ಕಮಾಂಡರೇ, ಇದು ನಿಮ್ಮದೇ ನಿಯಮ. ನಾನಲ್ಲ ಬರೆದದ್ದು.

ಈಗ ಎಲ್ಲರೂ ಆ ಕಂಬದ ಹತ್ತಿರ ನೋಡಿ. ಅಲ್ಲಿ ಕ್ಯಾಮೆರಾ ಹಿಡಿದು ನಿಂತಿರುವ ನಾವಿಕ ನಿಮಗೆಲ್ಲ ಕಾಣುತ್ತಾನೆ. ಈ ಸಮಾರಂಭದ ಚಿತ್ರ, ಮಾತು ಎಲ್ಲವೂ ನೇರವಾಗಿ ನೆಲೆಯ ದಾಖಲೆಗೆ ಹೋಗುತ್ತದೆ. ಇದು ನನ್ನ ಮೂವತ್ತೊಂದು ವರ್ಷದ ಸೇವೆಯ ಗೌರವಕ್ಕೆ ಅವರು ಮಾಡಿಸಿದ ಏರ್ಪಾಡು. ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಬೇಡ. ನಿಲ್ಲಿಸಬೇಡಪ್ಪ, ಹಿಡಿದುಕೊಂಡೇ ಇರು. ಕಮಾಂಡರ್ ನಿಲ್ಲಿಸು ಎಂದಿಲ್ಲ. ಧನ್ಯವಾದ, ಕಮಾಂಡರೇ. ನೀವು ತಲೆಯಾಡಿಸಿದ್ದನ್ನು ನಾನು ಮರೆಯುವುದಿಲ್ಲ.

ಸಭಿಕರೇ, ನಾನು ಬರೆದದ್ದು ಸುಳ್ಳು. ಗೋಡೆಯಾಚೆ ನನ್ನಕ್ಕ ಇದ್ದಾಳೆ. ನಿಮ್ಮ ಮನೆಯ ಮಗುವೂ ಅಲ್ಲಿದ್ದರೆ, ನಿಮ್ಮ ಅಮ್ಮನೋ ಅಜ್ಜಿಯೋ ಯಾವಾಗಲಾದರೂ ಬಾಯಿ ಬಿಟ್ಟಿದ್ದರೆ, ಎದ್ದು ನಿಲ್ಲಿ. ಮಾತಾಡಬೇಡಿ, ಎದ್ದು ನಿಂತರೆ ಸಾಕು.

ಯಾರೂ ಇಲ್ಲವೇ?

ಇಲ್ಲವೇ? ದೀವಿಹಲಸು ತರಲು ಹೋದ ಅಷ್ಟೂ ಜನರ ಹೆಸರು ನನಗೆ ಬಾಯಿಪಾಠವಿದೆ. ನಾನು ಕೂಗುವುದಿಲ್ಲ. ಒಬ್ಬರ ಗುಟ್ಟು ಬಿಚ್ಚಿದ್ದೇ ಇವತ್ತಿಗೆ ಹೆಚ್ಚಾಯಿತು. ನೀರು... ಲೋಟ ಖಾಲಿ. ಇರಲಿ.

ತುನ್ ಫೆಲಿಪೆ? ಕೋಲು ಜಾರಿತು, ಯಾರಾದರೂ ಎತ್ತಿಕೊಡಿ... ಓ. ನೀವು ಹೊರಗೆ ಹೊರಟಿದ್ದೀರಿ ಎಂದುಕೊಂಡೆ. ನಿಂತಿದ್ದೀರಿ. ಸುಮ್ಮನೆ ನಿಂತಿದ್ದೀರಿ. ನಿಮ್ಮ ಅಮ್ಮನದೇ? ಎರಡು ಬೆರಳು ತೋರಿಸುತ್ತಿದ್ದಾರೆ. ಅವಳಿ ಮಕ್ಕಳು! ಎಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದಿರಾ ತುನ್? ನನ್ನನ್ನು ಮಾತ್ರ ನಾಯಿ ಎಂದು ಬೈದಿರಿ, ನಾನೂ ಒಮ್ಮೆ ಬೈಯಬಹುದೇ? ಅಕೋ, ಕಿಟಕಿಯ ಹತ್ತಿರ ತಾನ್ ಎನ್ರಿಕೆತಾ. ಅವರ ಹಿಂದೆ ಮೂವರು ತಂಗಿಯರೂ. ಕೆಂಪು ಅನ್ನದ ಪಾತ್ರೆಯ ಹತ್ತಿರ ಇಬ್ಬರು, ಸೌಟು ಹಿಡಿದೇ ನಿಂತಿದ್ದಾರೆ. ಇಲ್ಲ, ಅವರು ಮೊದಲಿನಿಂದಲೂ ನಿಂತೇ ಇದ್ದರಲ್ಲ? ಕೈ ಎತ್ತುತ್ತಿದ್ದಾರೆ. ಸರಿ, ಸರಿ. ಮೇಯರೇ, ನೀವು ಅಧ್ಯಕ್ಷರು, ಕೂತಿರಬೇಕು... ನೀವೂನಾ ದೊಲೋರೆಸ್?

ನಿಧಾನವಾಗಿ ತೋರಿಸಪ್ಪ ಕ್ಯಾಮೆರಾದವನೇ. ಒಂದೊಂದು ಮುಖವನ್ನೂ ತೋರಿಸು. ಅವಸರವಿಲ್ಲ, ಇವತ್ತು ನಾಲ್ಕಕ್ಕೆ ಬಸ್ಸಿಲ್ಲ.

ಹತ್ತೊಂಬತ್ತು ಮನೆ. ತಲೆ ಎಣಿಸುವುದರಲ್ಲಿ ನಾನು ತಪ್ಪುವುದಿಲ್ಲ.

ಅಮ್ಮಾ, ನೀನು ಏಳಬೇಡ, ಕಾಲು ನಿಲ್ಲುವುದಿಲ್ಲ. ನಾನೇ ಬರುತ್ತೇನೆ, ಇರು. ಈ ಮೈಕಿನ ತಂತಿ ಇಲ್ಲಿಯವರೆಗೆ ಬರುತ್ತದೆ. ಏನು? ಜೋರಾಗಿ ಹೇಳಮ್ಮ, ನನಗೂ ಕಿವಿ ಮಂದ. ಹೆಸರಾ? ಹೆಸರಿಟ್ಟಿದ್ದೆಯಾ? ಇಷ್ಟು ವರ್ಷ... ನನಗೂ ಹೇಳಲಿಲ್ಲವಲ್ಲಮ್ಮ.

ಸಭಿಕರೇ, ಸ್ವಲ್ಪ ತಾಳಿ. ಒಂದು ನಿಮಿಷ.

ಕ್ಯಾಮೆರಾದವನೇ, ಬರೆದುಕೊ. ನಾನು ಮೂವತ್ತೊಂದು ವರ್ಷ ಹೀಗೇ ಬರೆದಿದ್ದೇನೆ, ನೀನೂ ಹೀಗೇ ಬರೆ. ಹೆಸರು: ಮಗ್ದಲೇನಾ ತೈಮಾಂಗ್ಲೊ. ತಾಯಿ: ರೊಸಾಲಿಯಾ. ವಿಳಾಸ: ಸಗ್ವಾ, ಗೋಡೆಯಾಚೆ, ದೀವಿಹಲಸಿನ ಮರದ ಬುಡ. ಎಷ್ಟು ದಿನದಿಂದ ವಾಸ: ಎಪ್ಪತ್ತೊಂದು ವರ್ಷ. ಹೊರಗೆ ಬರುವ ಸಮಯ ಎಂಬ ಜಾಗವನ್ನು ಖಾಲಿ ಬಿಡು.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಎದ್ದು ನಿಂತವರಿಗೆ, ಏಳಲಾಗದೆ ಕೂತವರಿಗೆ, ನನ್ನ ಕೈ ಬಿಡದೆ ಹಿಡಿದುಕೊಂಡಿರುವ ನನ್ನಮ್ಮನಿಗೆ ನನ್ನ ಕೃತಜ್ಞತೆಗಳು. ಈ ಫಲಕವನ್ನು ಯಾರಾದರೂ ಸ್ವಲ್ಪ ಹಿಡಿದುಕೊಳ್ಳಿ, ನನಗೆ ಎರಡು ಕೈಯೂ ಬೇಕು. ಅನ್ನ ಆರುತ್ತಿದೆ, ಆರಲಿ; ಮಿಕ್ಕ ಹೆಸರುಗಳನ್ನೂ ಬರೆಸಿಯೇ ಊಟಕ್ಕೆ ಏಳೋಣ. ನಮಸ್ಕಾರ.